ಹಳೆಯ ಡೈಕಾಸ್ಟ್ ಕಾರು: ಮೊದಲು ತಿರುಗಿಸಿ, ಆಮೇಲೆ ದುಡ್ಡು ಕೊಡಿ. ಮುಂಬೈಯಲ್ಲಿ ಸಂಗ್ರಹ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಾಟುಂಗಾ, ಡೊಂಬಿವಿಲಿ, ಮೀರಾ ರೋಡ್ ಕಡೆಯ ನಮ್ಮ ಜನ ಆಗಾಗ ಒಂದು ಫೋಟೋ ಕಳಿಸಿ ಕೇಳುತ್ತಾರೆ: "ಅಣ್ಣಾ, ಇದು ಒರಿಜಿನಲ್ಲಾ?" ಫೋಟೋದಲ್ಲಿ ಇರುವುದು ಡೈಕಾಸ್ಟ್ ಕಾರಿನ, ಅಂದರೆ ಅಚ್ಚಿನಲ್ಲಿ ಲೋಹ ಎರೆದು ಮಾಡಿದ ಪುಟ್ಟ ಆಟಿಕೆ ಕಾರಿನ ಮುಖ, ಪಕ್ಕ, ಹೊಳೆಯುವ ಬಣ್ಣ. ತಳದ ಫೋಟೋ ಒಬ್ಬರೂ ಕಳಿಸುವುದಿಲ್ಲ. ಕೇಳಿ ತರಿಸಿಕೊಂಡರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ, ಆದರೆ ಅಷ್ಟೊತ್ತಿಗೆ ದುಡ್ಡು ಕೈಬಿಟ್ಟಿರುತ್ತದೆ.

ಸೋಲುವುದು ಎರಡೇ ಕಡೆ. ಒಂದು, ಹೊಸ ಬಣ್ಣ ಬಳಿದ ಕಾರನ್ನು ಹಳೆಯದು ಅಂತ ಕೊಳ್ಳುವುದು. ಇನ್ನೊಂದು, ನಿಜವಾಗಿ ಹಳೆಯದೇ ಸಿಕ್ಕಿದಾಗ ಅದನ್ನು ಮನೆಗೆ ತಂದು ತಿಕ್ಕಿ ತೊಳೆದು ಹಾಳು ಮಾಡುವುದು. ಎರಡೂ ಆಗುವುದು ಕೆಲಸದ ಕ್ರಮ ತಪ್ಪುವುದರಿಂದ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನ ಒಂದನ್ನು ಹಾರಿಸಿದರೆ ಮುಂದಿನದು ಕೆಲಸಕ್ಕೆ ಬರುವುದಿಲ್ಲ.

ಹಂತ 1: ಒಂದು ಸಾಲು ಗೊತ್ತು ಮಾಡಿಕೊಳ್ಳಿ

ಕಂಡದ್ದೆಲ್ಲ ಕೊಳ್ಳುವವರು ಯಾವುದನ್ನೂ ಸರಿಯಾಗಿ ಗುರುತು ಹಿಡಿಯುವುದಿಲ್ಲ. ಒಂದು ಕಂಪನಿ, ಅದರಲ್ಲೂ ಒಂದು ಕಾಲ ಹಿಡಿದುಕೊಳ್ಳಿ. ಆ ಸಾಲಿನ ತಳ, ಚಕ್ರ, ರಿವೆಟ್ (ತಳವನ್ನು ಮೈಗೆ ಹಿಡಿದಿಡುವ ಒತ್ತಿದ ತಲೆ) ಕಣ್ಣಿಗೆ ಕಟ್ಟಿದ ಮೇಲೆ ಬೇರೆ ಕಡೆ ಹೋಗಿ.

ಮುಖ್ಯವಾದ ಸಾಲುಗಳು ಇವು. ಡಿಂಕಿ, ಇಂಗ್ಲೆಂಡಿನ ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯದು, 1934ರಿಂದ ಈ ಹೆಸರಲ್ಲಿ ಬಂತು, 1979ರಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚಿತು. ಮ್ಯಾಚ್‌ಬಾಕ್ಸ್‌ನ 1ರಿಂದ 75ರ ಸರಣಿ 1953ರಲ್ಲಿ ಶುರುವಾಯಿತು, ಮಾಡಿದವರು ಲೆಸ್ನಿ, ಅವರು 1982ರಲ್ಲಿ ದಿವಾಳಿಯಾದರು. ಕಾರ್ಗಿ 1956ರಲ್ಲಿ ಬಂದದ್ದು, ಮೆಟ್ಟಾಯ್ ಕಂಪನಿಯದು. ಹಾಟ್ ವೀಲ್ಸ್ 1968ರದ್ದು, ಅದರ ಚಕ್ರಕ್ಕೆ ಕೆಂಪು ಗೆರೆ ಇದ್ದ ಕಾಲ 1977ರ ತನಕ. ಜಪಾನಿನ ಟೊಮಿಕಾ 1970ರಿಂದ. ಡಿಂಕಿ, ಕಾರ್ಗಿಗಳು ಅಳತೆಯಲ್ಲಿ ದೊಡ್ಡವು, ಸುಮಾರು ಅಂಗೈ ಉದ್ದ. ಮ್ಯಾಚ್‌ಬಾಕ್ಸ್, ಹಾಟ್ ವೀಲ್ಸ್, ಟೊಮಿಕಾಗಳು ಬೆರಳಿನ ಉದ್ದ.

ನಮ್ಮ ದೇಶದಲ್ಲೇ ತಯಾರಾದವೂ ಇವೆ, ಮತ್ತು ಇವುಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಡಿಂಕಿಯ ಅಚ್ಚುಗಳನ್ನು ತಂದು ಕಲ್ಕತ್ತಾದಲ್ಲಿ ನಿಕ್ಕಿ ಟಾಯ್ಸ್ ಮಾಡಿದರು. ಮಿಲ್ಟನ್, ಮ್ಯಾಕ್ಸ್‌ವೆಲ್ ಹೆಸರಿನವು ಇವೆ. 80ರ ದಶಕದ ಕೊನೆಯಲ್ಲಿ ಮತ್ತು 90ರ ದಶಕದ ಮೊದಲ ವರ್ಷಗಳಲ್ಲಿ ಲಿಯೊ ಮ್ಯಾಟೆಲ್ ಹೆಸರಲ್ಲಿ ಬಂದ ಹಾಟ್ ವೀಲ್ಸ್ ಇವೆ.

ಹೊಸಬರಿಗೆ ನನ್ನ ಸಲಹೆ ಇಷ್ಟೇ. 1969ರಿಂದ 1982ರ ನಡುವಿನ ಲೆಸ್ನಿ ಮ್ಯಾಚ್‌ಬಾಕ್ಸ್, ಅಂದರೆ ಸೂಪರ್‌ಫಾಸ್ಟ್ ಎಂಬ ಜೋರಾಗಿ ಉರುಳುವ ಚಕ್ರದವು, ಇಲ್ಲವೇ ಭಾರತದಲ್ಲಿ ಮಾಡಿದವು. ಇವೆರಡರಲ್ಲಿ ಒಂದನ್ನು ಹಿಡಿಯಿರಿ. ಮುಂಬೈಯಲ್ಲಿ ಕೈಗೆ ಸಿಗುತ್ತವೆ, ತಪ್ಪಿದರೂ ಜೇಬು ಪೂರ್ತಿ ಖಾಲಿಯಾಗುವುದಿಲ್ಲ. ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಡಿಂಕಿಯಿಂದ ಶುರು ಮಾಡಬೇಡಿ, ಅದರ ಲೋಹಕ್ಕೇ ಕಾಯಿಲೆ ಇರುತ್ತದೆ (ಹಂತ 6 ನೋಡಿ). ಕೆಂಪು ಗೆರೆಯ ಹಾಟ್ ವೀಲ್ಸ್‌ನಿಂದಲೂ ಬೇಡ. ಅದರಲ್ಲಿ ಮರುಬಣ್ಣದ್ದು, ಕಂಪನಿಯೇ ಆಮೇಲೆ ಮತ್ತೆ ತಯಾರಿಸಿದ್ದು ಬಹಳ, ಬೆಲೆಯೂ ಜಾಸ್ತಿ.

ಸಾಲು ಗೊತ್ತಾದ ಮೇಲೆ ಕೊಳ್ಳಲು ಓಡಬೇಡಿ. ಆ ಸಾಲಿನ ಒಳ್ಳೆಯ ಮಾದರಿಗಳ ತಳದ ಚಿತ್ರಗಳನ್ನು ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ಸಂತೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಅಂಗಡಿಯವನ ಮುಂದೆ ಹುಡುಕುತ್ತಾ ನಿಂತರೆ ಬೆಲೆ ಏರುತ್ತದೆ.

ಹಂತ 2: ಚೀಲದಲ್ಲಿ ಇರಬೇಕಾದ್ದು

ಆಭರಣದವರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಜವೇರಿ ಬಜಾರ್ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಬೇರೆ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ಸಣ್ಣ ಟಾರ್ಚ್. 365 ನ್ಯಾನೊಮೀಟರಿನ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಒಂದು. ಚಿಕ್ಕ ಆಯಸ್ಕಾಂತ. ಮೇಕಪ್ಪಿಗೆ ಬಳಸುವಂಥ ಮೆತ್ತನೆಯ ಬ್ರಷ್. ಮನೆಗೆ ತರಲು ಬಬಲ್ ರ‍್ಯಾಪ್ ಅಥವಾ ಹಳೆಯ ಕಾಲುಚೀಲ, ಕಾರಿಗೊಂದರಂತೆ. ಎರಡು ಕಾರು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸಂಜೆಯ ಲೋಕಲ್ ಹತ್ತಿದರೆ, ಐವತ್ತು ವರ್ಷ ಉಳಿದ ಬಣ್ಣ ದಾದರ್‌ನಿಂದ ಠಾಣೆ ತಲುಪುವಷ್ಟರಲ್ಲಿ ಕಿತ್ತಿರುತ್ತದೆ.

ಆಯಸ್ಕಾಂತ ಏಕೆ ಅಂದರೆ, ಡೈಕಾಸ್ಟ್ ಕಾರಿನ ಮೈ ಸತುವಿನ ಮಿಶ್ರಲೋಹ. ಅದಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಅದು ತಗಡಿನ ಆಟಿಕೆ. ಅಚ್ಚುಕಂಬಿ (ಎರಡು ಚಕ್ರ ಸೇರಿಸುವ ಕಂಬಿ) ಮತ್ತು ತಗಡಿನ ತಳಕ್ಕೆ ಮಾತ್ರ ಅಂಟುತ್ತದೆ, ಅದು ಸರಿಯೇ. ಪ್ಲಾಸ್ಟಿಕ್ಕಿಗೂ ಅಂಟುವುದಿಲ್ಲವಲ್ಲ ಅಂತ ಕೇಳಬಹುದು. ಅದು ಕೈಯಲ್ಲಿ ಹಿಡಿದಾಗ ತೂಕದಲ್ಲೇ ಗೊತ್ತಾಗುತ್ತದೆ.

ಹಂತ 3: ಎಲ್ಲಿ ಹುಡುಕಬೇಕು, ಯಾವಾಗ

ಚೋರ್ ಬಜಾರಿನ ಮಟನ್ ಸ್ಟ್ರೀಟ್ ಎಲ್ಲರಿಗೂ ಗೊತ್ತು. ಗ್ರ್ಯಾಂಟ್ ರೋಡ್ ಅಥವಾ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಶುಕ್ರವಾರ ಹಳೆ ಸಾಮಾನಿನ ಅಂಗಡಿಗಳು ಮುಚ್ಚಿ, ಬೀದಿಯಲ್ಲೇ ಸಂತೆ ಹರಡುತ್ತದೆ. ಬೆಳಕು ಹರಿಯುವ ಮೊದಲೇ ವ್ಯಾಪಾರ ಶುರು. ಅಂಗಡಿ ಬೇಕಿದ್ದರೆ ಬೇರೆ ದಿನ ಹೋಗಿ, ಬೀದಿಯ ಗುಡ್ಡೆ ಬೇಕಿದ್ದರೆ ಶುಕ್ರವಾರ ಬೆಳಗ್ಗೆ. ಕತ್ತಲಲ್ಲಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಟಾರ್ಚ್ ಇರುವುದು ಅದಕ್ಕೇ. ಪುಣೆಯ ಕಡೆ ಇದ್ದರೆ ಜುನಾ ಬಜಾರ್, ಭಾನುವಾರ ಮತ್ತು ಬುಧವಾರ.

ಆದರೆ ಒಳ್ಳೆಯ ಕಾರುಗಳು ಸಂತೆಗೆ ಬರುವ ಮೊದಲು ಇನ್ನೆರಡು ಕಡೆ ಇರುತ್ತವೆ. ಒಂದು, ನಿಮ್ಮ ಬೀದಿಯ ರದ್ದಿವಾಲಾ (ಹಳೆ ಪೇಪರಿನವನು) ಮತ್ತು ಭಂಗಾರ್‌ವಾಲಾ (ಗುಜರಿಯವನು). ಆಗಾಗ ಹೋಗಿ ಮಾತಾಡಿಸಿ, ಹಳೆ ಕಾರು ಬಂದರೆ ಎತ್ತಿಡು ಭಾಯ್ ಅಂತ ಹೇಳಿ, ಬಂದಾಗ ಮರೆಯದೆ ತೆಗೆದುಕೊಳ್ಳಿ. ಎರಡು ಸಲ ಬೇಡ ಅಂದರೆ ಮೂರನೇ ಸಲ ಅವನು ಕರೆಯುವುದಿಲ್ಲ.

ಇನ್ನೊಂದು, ಹಳೆ ಕಟ್ಟಡಗಳ ಅಟ್ಟ. ಮಾಟುಂಗಾ, ದಾದರ್, ಗಿರಗಾಂವ್ ಕಡೆ ಹಳೆ ಕಟ್ಟಡಗಳು ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ, ಮನೆಯವರು ಅಟ್ಟ ಖಾಲಿ ಮಾಡುತ್ತಿದ್ದಾರೆ. ಹಡಗಿನಲ್ಲಿ ಕೆಲಸ ಮಾಡಿದ ಮಾವ, ಗಲ್ಫಿನಿಂದ ಬರುತ್ತಿದ್ದ ದೊಡ್ಡಪ್ಪ ತಂದುಕೊಟ್ಟ ಕಾರುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಕುಳಿತಿರುತ್ತವೆ. ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯರ ಜೊತೆ ಮಾತಿಗೆ ಕೂತಾಗ ಒಂದು ಮಾತು ಕೇಳಿಡಿ. ಇಲ್ಲಿ ನನ್ನದೊಂದು ಕಟ್ಟುನಿಟ್ಟು: ಬೆಲೆ ಗೊತ್ತಿಲ್ಲದ ಅಜ್ಜಿಯ ಕೈಯಿಂದ ನೂರು ರೂಪಾಯಿಗೆ ಕಾರ್ಗಿ ಎತ್ತಿಕೊಂಡು ಬರಬೇಡಿ. ಎಷ್ಟು ಬಾಳುತ್ತದೆ ಅಂತ ನೀವೇ ಹೇಳಿ, ನ್ಯಾಯದ ಬೆಲೆ ಕೊಡಿ. ಅವರ ಮನೆಯ ಉಳಿದ ಡಬ್ಬಿಗಳೂ ಆಮೇಲೆ ನಿಮಗೇ ತೆರೆಯುತ್ತವೆ.

ವಿದೇಶದಿಂದ ತರಿಸುವ ಯೋಚನೆ ಇದ್ದರೆ ಗೊತ್ತಿರಲಿ: 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಹಳೆಯ ಕಾರಿನ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಲ್ಲಬಹುದು, ಸುಂಕವೂ ಜಾಸ್ತಿ. ಹೊಸಬರು ಆ ದಾರಿ ಹಿಡಿಯದಿರುವುದೇ ಒಳ್ಳೆಯದು.

ಹಂತ 4: ಮೊದಲು ತಿರುಗಿಸಿ ನೋಡಿ

ಕಾರು ಕೈಗೆ ಬಂದ ತಕ್ಷಣ ಮಗುಚಿ. ಬಣ್ಣ ನೋಡುವ ಮೊದಲೇ. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು, ತಳವನ್ನು ಹೊಸದಾಗಿ ಎರಕ ಹೊಯ್ಯುವುದು ಎಲ್ಲರಿಂದ ಆಗುವ ಕೆಲಸವಲ್ಲ.

ತಳದಲ್ಲಿ ಓದಬೇಕಾದ್ದು ಮೂರು: ಕಂಪನಿಯ ಹೆಸರು, ತಯಾರಾದ ದೇಶ, ಮಾದರಿಯ ಹೆಸರು ಅಥವಾ ಸಂಖ್ಯೆ. ಈ ಮೂರೂ ಒಂದಕ್ಕೊಂದು ಹೊಂದಬೇಕು. "ಲೆಸ್ನಿ" ಮತ್ತು "ಇಂಗ್ಲೆಂಡ್" ಎರಡೂ ಇದ್ದರೆ ಹೆಚ್ಚುಕಡಿಮೆ 1982ಕ್ಕಿಂತ ಹಿಂದಿನದು. ಮ್ಯಾಚ್‌ಬಾಕ್ಸ್ ಅಂತಿದ್ದು ಮಕಾವ್, ಚೀನಾ, ಥಾಯ್ಲೆಂಡ್ ಅಂತಿದ್ದರೆ ಆಮೇಲಿನದು. ಡಿಂಕಿ ಅಂತಿದ್ದು ಮಕಾವ್ ಅಥವಾ ಚೀನಾ ಅಂತಿದ್ದರೆ, ಅದು ಹೆಸರು ಮ್ಯಾಚ್‌ಬಾಕ್ಸ್‌ನವರ ಕೈಗೆ ಹೋದ ಮೇಲೆ 80ರ ದಶಕದ ಕೊನೆಯಿಂದ ಬಂದದ್ದು. ಲಿವರ್‌ಪೂಲ್‌ನದ್ದಲ್ಲ. ಅಟ್ಲಾಸ್ ಎಡಿಷನ್ಸ್‌ನವರು ಹಳೆ ಡಿಂಕಿಗಳನ್ನು ಪೆಟ್ಟಿಗೆ ಸಮೇತ ಮತ್ತೆ ತಯಾರಿಸಿ ಮಾರಿದ್ದಾರೆ. ಅವು ಚೆನ್ನಾಗಿಯೇ ಇವೆ, ಮೋಸದವಲ್ಲ, ಆದರೆ ಅವನ್ನು 50ರ ದಶಕದ್ದು ಅಂತ ಮಾರಿದರೆ ಮೋಸ.

ಎಲ್ಲರೂ ಮುಗ್ಗರಿಸುವ ಜಾಗ ಹಾಟ್ ವೀಲ್ಸ್‌ನ ತಳದ ಇಸವಿ. ಅಲ್ಲಿ 1969 ಅಂತ ಇದ್ದರೆ ಆ ಅಚ್ಚಿನ ಹಕ್ಕು ದಾಖಲಾದದ್ದು ಆ ವರ್ಷ, ಅಷ್ಟೇ. ನಿಮ್ಮ ಕೈಯಲ್ಲಿರುವ ಕಾರು ತಯಾರಾದದ್ದು ಅದಾಗಿ ಮೂವತ್ತು ವರ್ಷದ ಮೇಲೂ ಇರಬಹುದು. 1993ರಲ್ಲಿ, 25 ವರ್ಷ ತುಂಬಿದಾಗ, ಹಳೆ ಮಾದರಿಗಳನ್ನು ಮತ್ತೆ ತಂದರು. ಕೆಂಪು ಗೆರೆ ಇದೆ, ಇಸವಿ ಹಳೆಯದಿದೆ ಅಂತ ಕೊಂಡವರು ಬಹಳ. 2008ರಿಂದ ಈಚಿನವಾದರೆ ಗುರುತಿಸುವುದು ಸುಲಭ. ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಯ ಸಣ್ಣ ಕೋಡ್ ಒತ್ತಿರುತ್ತಾರೆ. ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ಎ ಅಂದರೆ 2008, ಬಿ ಅಂದರೆ 2009. ಈ ಕೋಡ್ ಕಂಡರೆ ಮಾತು ಮುಗಿಯಿತು, ಹಳೆಯದಲ್ಲ.

ನಿಕ್ಕಿಯ ತಳವನ್ನು ನಿಧಾನವಾಗಿ ನೋಡಿ. ಅಚ್ಚು ಡಿಂಕಿಯದೇ ಆದ್ದರಿಂದ ಅಕ್ಷರಗಳ ಜೋಡಣೆ ಡಿಂಕಿಯಂತೆಯೇ ಇರುತ್ತದೆ, ಹೆಸರಿನ ಜಾಗದಲ್ಲಿ ಮಾತ್ರ ಬದಲಾವಣೆ. ಕೆಲವದರಲ್ಲಿ ಆ ಭಾಗ ಉಳಿದ ಅಕ್ಷರಗಳಷ್ಟು ನಯವಾಗಿ ಇರುವುದಿಲ್ಲ, ತಿದ್ದಿದ ಹಾಗೆ ಕಾಣುತ್ತದೆ. ಬಣ್ಣದ ಕೆಲಸವೂ ಲಿವರ್‌ಪೂಲ್‌ನದಕ್ಕಿಂತ ಒರಟು. ಇದನ್ನು ನೋಡಿ "ಡೂಪ್ಲಿಕೇಟ್ ಡಿಂಕಿ" ಅಂತ ಕೆಳಗಿಡುವವರು ಇದ್ದಾರೆ. ಅಯ್ಯೋ, ಹಾಗೆ ಮಾಡಬೇಡಿ. ನಿಕ್ಕಿಯನ್ನೇ ಹುಡುಕುವ ಸಂಗ್ರಾಹಕರು ಇಂಗ್ಲೆಂಡಿನಲ್ಲೂ ಇದ್ದಾರೆ.

ಹಂತ 5: ರಿವೆಟ್, ಅಚ್ಚುಕಂಬಿ, ಬಣ್ಣ, ಈ ಕ್ರಮದಲ್ಲಿ

ತಳ ಓದಿ ಆದಮೇಲೆ ಭೂತಗನ್ನಡಿ ತೆಗೆಯಿರಿ. ಲೆಸ್ನಿ ಕಾಲದ ಒಂದು ಮ್ಯಾಚ್‌ಬಾಕ್ಸ್ ಕೈಯಲ್ಲಿದೆ ಅಂತ ಇಟ್ಟುಕೊಳ್ಳಿ. ತಳದಲ್ಲಿ ಸಣ್ಣ ಗುಂಡು ತಲೆಯ ರಿವೆಟ್ ಕಾಣುತ್ತದೆ, ಸಾಮಾನ್ಯವಾಗಿ ಹಿಂದೊಂದು ಮುಂದೊಂದು. ಅದು ಬೇರೆ ಮೊಳೆಯಲ್ಲ. ಕಾರಿನ ಮೈಯ ಒಳಗಿಂದ ಬಂದ ಕಡ್ಡಿಯೇ ತಳದ ತೂತಿನಿಂದ ಹೊರಬಂದು, ತುದಿಯನ್ನು ಒತ್ತಿ ಅಗಲ ಮಾಡಿದ್ದು. ಕಾರ್ಖಾನೆಯಲ್ಲಿ ಒತ್ತಿದ ತಲೆ ಒಂದೇ ಸಮ ಇರುತ್ತದೆ, ಅಂಚು ತಳಕ್ಕೆ ಕಚ್ಚಿಕೊಂಡಿರುತ್ತದೆ, ಸುತ್ತಲೂ ಹಳೆ ಕೊಳೆ ಒಂದೇ ಬಣ್ಣದಲ್ಲಿ ಕೂತಿರುತ್ತದೆ.

ಯಾರಾದರೂ ಕಾರನ್ನು ಬಿಚ್ಚಿದ್ದರೆ ಈ ತಲೆಯನ್ನು ಡ್ರಿಲ್ ಮಾಡಿಯೇ ಬಿಚ್ಚಬೇಕು. ಬೇರೆ ದಾರಿ ಇಲ್ಲ. ಆಗ ನಡುವೆ ಗುಂಡಗಿನ ತೂತು, ಹೊಸ ಲೋಹದ ಹೊಳಪು, ಸಣ್ಣ ಸ್ಕ್ರೂ, ಅಂಟಿನ ಗುರುತು, ಇವುಗಳಲ್ಲಿ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಇನ್ನೊಂದು ಗುರುತು ಇದಕ್ಕಿಂತ ಒಳ್ಳೆಯದು. ಕಾರ್ಖಾನೆಯಲ್ಲಿ ಮೈಗೆ ಮೊದಲು ಬಣ್ಣ, ಆಮೇಲೆ ತಳ ಕೂರಿಸಿ ರಿವೆಟ್ ಒತ್ತುತ್ತಿದ್ದರು. ಹಾಗಾಗಿ ಮೈಯ ಬಣ್ಣ ರಿವೆಟ್ಟಿನ ತಲೆಯ ಮೇಲೂ ತಳದ ಅಂಚಿನ ಮೇಲೂ ಒಂದೇ ಪದರವಾಗಿ ಹರಿದಿದ್ದರೆ, ಜೋಡಿಸಿದ ಮೇಲೆ ಯಾರೋ ಬಳಿದಿದ್ದಾರೆ.

ಮುಂದೆ ಅಚ್ಚುಕಂಬಿ. ಸೂಪರ್‌ಫಾಸ್ಟ್‌ಗಿಂತ ಹಿಂದಿನ ಮ್ಯಾಚ್‌ಬಾಕ್ಸ್‌ನಲ್ಲಿ ಕಂಬಿಯ ತುದಿ ಮೊದಮೊದಲಿನದರಲ್ಲಿ ಚಪ್ಪಟೆ ಹಿಸುಕಿದಂತೆ, ಆಮೇಲಿನದರಲ್ಲಿ ಗುಂಡಾಗಿ ಇರುತ್ತದೆ. ಚಕ್ರಗಳೂ ಕಾಲಕ್ಕೆ ತಕ್ಕ ಹಾಗೆ: ಮೊದಲು ಲೋಹದ್ದು, ಆಮೇಲೆ ಬೂದು ಪ್ಲಾಸ್ಟಿಕ್, ಬೆಳ್ಳಿ ಬಣ್ಣದ್ದು, ಕಪ್ಪು. ಒಂದೇ ಮಾದರಿ ಬೇರೆ ಬೇರೆ ಚಕ್ರದಲ್ಲಿ ಬಂದಿರುವುದರಿಂದ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ. ಅದಕ್ಕೇ ಚಕ್ರ ಬದಲಿಸುವವರು ಇದ್ದಾರೆ. ಕಂಬಿಯ ಒಂದು ತುದಿ ಅರದಿಂದ ಉಜ್ಜಿದ ಹಾಗಿದ್ದರೆ, ನಾಲ್ಕು ತುದಿಗಳಲ್ಲಿ ಒಂದು ಬೇರೆ ಥರ ಇದ್ದರೆ, ಚಕ್ರ ಅತಿಯಾಗಿ ಓಲಾಡಿದರೆ ಕೆಳಗಿಡಿ. ಡಿಂಕಿ, ಕಾರ್ಗಿಯ ರಬ್ಬರ್ ಟೈರು ಹೊಸದಾಗಿದ್ದರೆ ಗಾಬರಿ ಬೇಡ. ಹಳೆ ಟೈರು ಗಟ್ಟಿಯಾಗಿ ಒಡೆಯುವುದು ಸಹಜ, ಬದಲಿ ಟೈರು ಹಾಕುವುದು ಎಲ್ಲ ಕಡೆ ಇದೆ. ಬೆಲೆಯಲ್ಲಿ ಸ್ವಲ್ಪ ಕಡಿಮೆ ಕೇಳಿ, ಸಾಕು.

ಕೊನೆಗೆ ಬಣ್ಣ. ಮೇಲ್ಭಾಗ ಬಿಡಿ, ಬಾಗಿಲಿನ ಅಂಚು, ಚಕ್ರದ ಕಮಾನಿನ ಒಳಭಾಗ, ಚಾವಣಿಯ ಒಳಗಡೆ ನೋಡಿ. ಮರುಬಣ್ಣದ ಗುರುತುಗಳು: ಬಾಗಿಲಿನ ಗೆರೆ, ಗ್ರಿಲ್ಲಿನ ಗೆರೆ ದಪ್ಪ ಬಣ್ಣದಲ್ಲಿ ಮುಚ್ಚಿಹೋಗಿರುವುದು, ಹಳೆ ಗಾಯದ ಗುಂಡಿ ಬಣ್ಣದ ಕೆಳಗೆ ಕಾಣುವುದು, ಕಿಟಕಿಯ ಪ್ಲಾಸ್ಟಿಕ್ಕಿನ ಮೇಲೆ, ಟೈರಿನ ಮೇಲೆ ಬಣ್ಣದ ಹನಿ. ಯುವಿ ಟಾರ್ಚ್ ಹಿಡಿದರೆ ಆಮೇಲೆ ತೇಪೆ ಹಾಕಿದ ಜಾಗ ಬೇರೆ ಥರ ಹೊಳೆಯಬಹುದು. ಅಂಗಡಿಯಲ್ಲಿ ಥಿನ್ನರ್ ಹಚ್ಚಿ ಪರೀಕ್ಷೆ ಮಾಡೋಣ ಅನ್ನುವವರ ಮಾತು ಕೇಳಬೇಡಿ, ಅಸಲಿ ಬಣ್ಣವೂ ಹೋಗುತ್ತದೆ.

ಪೆಟ್ಟಿಗೆ ಇದ್ದರೆ ಅದಕ್ಕೂ ಯುವಿ ಹಿಡಿಯಿರಿ. ಹೊಸ ಕಾಗದದಲ್ಲಿ ಬೆಳ್ಳಗಾಗಿಸುವ ರಾಸಾಯನಿಕ ಇರುವುದರಿಂದ ನೀಲಿ ಬಿಳುಪಾಗಿ ಹೊಳೆಯುತ್ತದೆ. 40ರ ದಶಕದ ಪೆಟ್ಟಿಗೆ ಹೀಗೆ ಹೊಳೆದರೆ ಅದು ಹೊಸ ಮುದ್ರಣ. ಆದರೆ 50ರ ದಶಕದಿಂದ ಕಾಗದಕ್ಕೆ ಆ ರಾಸಾಯನಿಕ ಬರತೊಡಗಿತು, ಆದ್ದರಿಂದ 60, 70ರ ದಶಕದ ಪೆಟ್ಟಿಗೆಗೆ ಈ ಒಂದೇ ಪರೀಕ್ಷೆ ಸಾಲದು. ಮಡಿಕೆಯ ಸವೆತ, ಮುದ್ರಣದ ಚುಕ್ಕೆ, ಒಳಗಿನ ಕಾಗದದ ಬಣ್ಣ ಎಲ್ಲ ಒಟ್ಟಿಗೆ ನೋಡಬೇಕು.

ಹಂತ 6: ಲೋಹದ ಕಾಯಿಲೆ ಇದೆಯಾ?

ಇದನ್ನು ಪ್ರತ್ಯೇಕವಾಗಿ ಹೇಳುತ್ತಿರುವುದು ಇದಕ್ಕೆ ಮದ್ದಿಲ್ಲ ಅನ್ನುವ ಕಾರಣಕ್ಕೆ. ಸತುವಿನ ಮಿಶ್ರಲೋಹ ಕಾಯಿಸುವಾಗ ಸ್ವಲ್ಪ ಸೀಸ ಸೇರಿದ್ದರೂ ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆಯೇ ತಿನ್ನುತ್ತಾ ಹೋಗುತ್ತದೆ. ಲೋಹ ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಪುಡಿಯಾಗುತ್ತದೆ. ಬಿಸಿ ಮತ್ತು ತೇವ ಇದಕ್ಕೆ ವೇಗ ಕೊಡುತ್ತವೆ, ಮುಂಬೈಯಲ್ಲಿ ಎರಡೂ ಧಾರಾಳ. ಯುದ್ಧಕ್ಕೆ ಮೊದಲಿನ ಡಿಂಕಿಗಳಲ್ಲಿ ಜಾಸ್ತಿ, ಆದರೆ ಕಳಪೆ ಎರಕವಾಗಿದ್ದರೆ ಈಚಿನದರಲ್ಲೂ ಬರುತ್ತದೆ.

ಎಚ್ಚರಿಕೆಯ ಗುರುತುಗಳು: ಬಣ್ಣದ ಕೆಳಗೆ ಜೇಡನ ಬಲೆಯಂಥ ಸಣ್ಣ ಬಿರುಕು, ಬಾನೆಟ್ ಮೇಲೆ ಉಬ್ಬು, ಸಮತಟ್ಟು ಮೇಜಿನ ಮೇಲಿಟ್ಟಾಗ ಒಂದು ಚಕ್ರ ಎದ್ದಿರುವುದು, ತಳ ಬಾಗಿರುವುದು, ಅಂಚು ಉಗುರಿಗೆ ಉದುರುವುದು. ಗೀರಿಗೂ ಬಿರುಕಿಗೂ ವ್ಯತ್ಯಾಸ ಭೂತಗನ್ನಡಿಯಲ್ಲಿ ಗೊತ್ತಾಗುತ್ತದೆ. ಗೀರು ಒಂದು ದಿಕ್ಕಿಗೆ ಹೋಗುತ್ತದೆ, ಅದರ ಆಳ ಕಾಣುತ್ತದೆ. ಬಿರುಕು ಕವಲೊಡೆಯುತ್ತದೆ, ಆಳ ಕಾಣುವುದಿಲ್ಲ. ಮೇಲ್ಮೈಯ ಬಿಳಿ ಪುಡಿ ಮಾತ್ರ ಇದ್ದರೆ ಅದು ಸಾಮಾನ್ಯವಾಗಿ ತೇವದಿಂದ ಬಂದ ಕಿಲುಬು, ಬೇರೆ ವಿಷಯ.

ಈ ಕಾಯಿಲೆ ಒಂದು ಕಾರಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಬಹಳ ಜನ ಹೆದರಿ ಒಳ್ಳೆಯ ಕಾರುಗಳನ್ನೂ ಮಾರಿಬಿಡುತ್ತಾರೆ, ಅದಕ್ಕೆ ಹೇಳಿದೆ. ಆದರೆ ಬಿರುಕಿರುವ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಹಂತ 7: ಬೆಲೆ

ಆನ್‌ಲೈನಿನಲ್ಲಿ ಕೇಳಿದ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅಂಗಡಿಯವನು ತೋರಿಸುವುದು ಯಾವಾಗಲೂ ಕೇಳಿದ ಬೆಲೆ, ಅದೂ ಪೆಟ್ಟಿಗೆ ಸಮೇತ ಹೊಸದರಂತಿರುವ ಕಾರಿನದು.

ಬಿಡಿಭಾಗ ಎಣಿಸಿ. ಕಾರ್ಗಿಯ 261ನೇ ನಂಬರಿನ, 1965ರ ಚಿನ್ನದ ಬಣ್ಣದ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್ ತೆಗೆದುಕೊಳ್ಳಿ. ಚಾವಣಿ ತೆರೆದು ಹಾರುವ ಪುಟ್ಟ ಮನುಷ್ಯ ಇಲ್ಲದಿದ್ದರೆ ಬೆಲೆ ಬೀಳುತ್ತದೆ, ಮತ್ತು ಈಗ ಆ ಮನುಷ್ಯನ ಹೊಸ ನಕಲೂ ಸಿಗುತ್ತದೆ. ಪೆಟ್ಟಿಗೆ ಅಸಲಿಯಾಗಿದ್ದರೆ ಕೆಲವೊಮ್ಮೆ ಕಾರಿನಷ್ಟೇ ಬೆಲೆ ಪೆಟ್ಟಿಗೆಗೆ.

ಚೌಕಾಶಿಗೆ ನಿಂತಾಗ "ಒರಿಜಿನಲ್ ಹೈ ಕ್ಯಾ?" ಅಂತ ಕೇಳಬೇಡಿ, ಅದಕ್ಕೆ ಇರುವುದು ಒಂದೇ ಉತ್ತರ. ನೋಡಿದ್ದನ್ನು ಸಮಾಧಾನವಾಗಿ ತೋರಿಸಿ: ಚಾಚಾ, ರಿವೆಟ್ ಖುಲಾ ಹೈ, ಟೈರ್ ನಯಾ ಹೈ, ಅಬ್ ಲಾಸ್ಟ್ ಬೋಲೋ. ಗೊತ್ತಿರುವವರು ಅಂತ ಕಂಡರೆ ಬೆಲೆ ತಾನೇ ಇಳಿಯುತ್ತದೆ. ರಿವೆಟ್ ಡ್ರಿಲ್ ಆಗಿದ್ದೂ ಅಸಲಿಯ ಬೆಲೆಗೇ ಪಟ್ಟು ಹಿಡಿದರೆ ಎದ್ದು ಬನ್ನಿ.

ಹಂತ 8: ಮನೆಗೆ ತಂದ ಮೇಲೆ

ಮೊದಲ ಕೆಲಸ ಫೋಟೋ. ತಳ, ನಾಲ್ಕು ಬದಿ, ಮೇಲ್ಭಾಗ. ಅದಾದ ಮೇಲೆ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಹೆಚ್ಚಿನ ಕಾರುಗಳಿಗೆ ಇಷ್ಟೇ ಸಾಕು.

ಇನ್ನೂ ಕೊಳೆ ಇದ್ದರೆ ಮಾತ್ರ ಮುಂದಿನದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ. ಕಿವಿಗೆ ಬಳಸುವ ಹತ್ತಿಕಡ್ಡಿ ಅದ್ದಿ, ಹಿಂಡಿ, ಮೊದಲು ಕಾಣದ ಜಾಗದಲ್ಲಿ ಒರೆಸಿ ನೋಡಿ. ಬಣ್ಣ ಹತ್ತಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಸ್ಟಿಕ್ಕರ್ ಅಥವಾ ನೀರಿನಲ್ಲಿ ನೆನೆಸಿ ಅಂಟಿಸಿದ ಅಕ್ಷರ ಇರುವ ಜಾಗ ಮುಟ್ಟಬೇಡಿ. ಕಾರನ್ನು ನೀರಿನಲ್ಲಿ ಮುಳುಗಿಸಬೇಡಿ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಕಬ್ಬಿಣದ ಕಂಬಿ ತುಕ್ಕು ಹಿಡಿಯುತ್ತದೆ. ಒರೆಸಿದ ಮೇಲೆ ಫ್ಯಾನಿನ ಕೆಳಗೆ ಒಂದು ರಾತ್ರಿ ಇಡಿ.

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾರು ಹಾಳಾಗುವುದು ಹುಣಸೆಹಣ್ಣಿನಿಂದ. ಹಿತ್ತಾಳೆ ದೀಪ ಬೆಳಗುವ ಕೈ ಸುಮ್ನೆ ಇರುವುದಿಲ್ಲ, ಬಣ್ಣ ಹೋದ ಜಾಗ ಮಂಕಾಗಿದೆ ಅಂತ ಹುಣಸೆ, ನಿಂಬೆ ಹಾಕಿ ತಿಕ್ಕುತ್ತಾರೆ. ಸತುವನ್ನು ಹುಳಿ ತಿನ್ನುತ್ತದೆ. ಒಂದು ಕ್ಷಣ ಹೊಳೆದು, ಆಮೇಲೆ ಕಪ್ಪು ಕಲೆ ಕೂರುತ್ತದೆ, ಅದು ಹೋಗುವುದಿಲ್ಲ. ಟೂತ್‌ಪೇಸ್ಟ್ ಬಣ್ಣವನ್ನು ಸವೆಸುತ್ತದೆ. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಸವರಿದರೆ ಹೊಳೆಯುತ್ತದೆ ನಿಜ, ಆದರೆ ಸಂದಿಗಿಳಿದು ಅಂಟಾಗಿ ಧೂಳು ಹಿಡಿಯುತ್ತದೆ. ಚಕ್ರ ತಿರುಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಕಂಬಿಗೆ ಮಾತ್ರ ಮುಟ್ಟಿಸಿ, ಉಳಿದದ್ದನ್ನು ಒರೆಸಿ.

ಇನ್ನೊಂದು ಮಾತು, ಇದು ಕಡೆಗಣಿಸುವಂಥದ್ದಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮರಳುಕಾಗದ ಹಚ್ಚಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಬಾಯಿಗೆ ಇಡುವ ವಯಸ್ಸಿನ ಮಕ್ಕಳಿಗೆ ಕೊಡಬೇಡಿ. ಅವರಿಗೆ ಹೊಸ ಕಾರು ತೆಗೆದುಕೊಡಿ.

ಹಂತ 9: ಮಳೆಗಾಲಕ್ಕೆ ಮೊದಲು

ಜೂನ್ ಬರುವ ಮೊದಲೇ ಈ ಕೆಲಸ ಮುಗಿಯಬೇಕು. ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್. ಮೀಟರ್ 40ರಿಂದ 50 ಪ್ರತಿಶತ ತೋರಿಸಿದರೆ ಚಿಂತೆಯಿಲ್ಲ. 60 ದಾಟಿದರೆ ಜೆಲ್ ಬದಲಿಸಿ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ತೇವ ಕುಡಿದಾಗ ಬಣ್ಣ ಬದಲಾಗುತ್ತದೆ, ಪೊಟ್ಟಣದಲ್ಲಿ ಹೇಳಿದಂತೆ ಕಾಯಿಸಿ ಮತ್ತೆ ಬಳಸಬಹುದು. ಸಮುದ್ರದ ಹತ್ತಿರದ ಮನೆಯಾದರೆ ಕಿಟಕಿ ಪಕ್ಕದ ಶೋಕೇಸ್ ಯೋಚನೆ ಬಿಡಿ. ಉಪ್ಪುಗಾಳಿ ಮತ್ತು ಬಿಸಿಲು ಎರಡೂ ಕೆಡುಕು, ಕೆಂಪು ಬಣ್ಣ ಎಲ್ಲಕ್ಕಿಂತ ಮೊದಲು ಮಂಕಾಗುತ್ತದೆ.

ಹೊಸ ಪ್ಲೈವುಡ್ ಕಪಾಟಿನಿಂದ ಬರುವ ವಾಸನೆಯಲ್ಲಿ ಆಮ್ಲದ ಆವಿ ಇರುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದು ಸತುವಿನ ಮೇಲೆ ಬಿಳಿ ಪುಡಿ ಕೂರಿಸುತ್ತದೆ. ಪಿವಿಸಿ ಚೀಲವೂ ಬೇಡ. ಬಟ್ಟೆ ಕಪಾಟಿನ ಅಭ್ಯಾಸದಲ್ಲಿ ನುಸಿಗುಳಿಗೆ ಹಾಕಬೇಡಿ, ಪ್ಲಾಸ್ಟಿಕ್ ಕಿಟಕಿಗಳಿಗೆ ಅದು ಒಳ್ಳೆಯದಲ್ಲ. ಟೈರುಗಳು ನೇರವಾಗಿ ಪ್ಲಾಸ್ಟಿಕ್ಕಿನ ಮೇಲೆ ವರ್ಷಗಟ್ಟಲೆ ಕೂತರೆ ಟೈರಿನ ಎಣ್ಣೆಯಂಥ ಅಂಶ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಆದ್ದರಿಂದ ಕಾರಿನ ಕೆಳಗೆ ಆಮ್ಲವಿಲ್ಲದ ಕಾಗದ ಹಾಕಿ. ಪೆಟ್ಟಿಗೆ ಹರಿದಿದ್ದರೆ ಸೆಲೋಟೇಪ್ ಹಚ್ಚಬೇಡಿ, ಹಾಗೇ ಬಿಡಿ.

ಹಂತ 10: ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಯಾವ ಮಾದರಿ, ಎಲ್ಲಿ ಸಿಕ್ಕಿತು, ಯಾವಾಗ, ಎಷ್ಟಕ್ಕೆ, ತಳದಲ್ಲಿ ಏನಿದೆ, ಯಾವ ಭಾಗ ಬದಲಾಗಿದೆ. ಅಟ್ಟದಿಂದ ಬಂದದ್ದಾದರೆ ಯಾರ ಮನೆಯದು, ಯಾರು ಎಲ್ಲಿಂದ ತಂದದ್ದು ಅನ್ನುವುದನ್ನು ಅವರನ್ನೇ ಕೇಳಿ ಬರೆಯಿರಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಎಲ್ಲ ಕಾರುಗಳನ್ನೂ ಮಗುಚಿ ಹಳೆ ಫೋಟೋ ಜೊತೆ ಹೋಲಿಸಿ. ಬಿರುಕು ಬೆಳೆದಿದ್ದರೆ ಆಗ ತಿಳಿಯುತ್ತದೆ.

ಬಣ್ಣವೆಲ್ಲ ಹೋಗಿ, ಚಕ್ರ ಕಳೆದುಹೋದ ಕಾರನ್ನು ಮತ್ತೆ ಬಣ್ಣ ಬಳಿದು ನಿಲ್ಲಿಸುವ ಆಸೆ ಇದ್ದರೆ ತಪ್ಪಿಲ್ಲ, ಆ ಕೆಲಸದಲ್ಲೂ ಸಂತೋಷವಿದೆ. ಚೆನ್ನಾಗಿರುವ ಅಸಲಿ ಬಣ್ಣದ ಮೇಲೆ ಮಾತ್ರ ಕೈ ಹಾಕಬೇಡಿ. ಮರುಬಣ್ಣ ಮಾಡಿದ ಮೇಲೆ ತಳದ ಒಳಭಾಗದಲ್ಲಿ "ಮರುಬಣ್ಣ" ಅಂತಲೂ ಇಸವಿಯನ್ನೂ ಅಳಿಸದ ಶಾಯಿಯಲ್ಲಿ ಬರೆಯಿರಿ, ನೋಟ್‌ಬುಕ್ಕಿನಲ್ಲೂ ಬರೆಯಿರಿ. ನಾಳೆ ಆ ಕಾರು ನಿಮ್ಮ ಕೈಯಿಂದ ಬೇರೆಯವರಿಗೆ ಹೋದಾಗ ಅವರಿಗೆ ಬಾಯಲ್ಲೂ ಹೇಳಿ, ಬಿಲ್ಲಿನಲ್ಲೂ ಬರೆದುಕೊಡಿ.